ಲಾಭ, ಎರಡು, ಮೂರು

ಅಕ್ಕನ ಮಗಳು ಒಂದನೇ ತರಗತಿಗೆ ಸೇರಬೇಕಿದ್ದ ಶಾಲೆಯಿಂದ ಬಂದ ಸೂಚನೆ ಮೂರು ಪುಟದ್ದು. ಮೊದಲ ಪುಟದಲ್ಲಿ ದಪ್ಪ ಅಕ್ಷರಗಳಲ್ಲಿ, 'ಇದು ಪರೀಕ್ಷೆಯಲ್ಲ, ಅಸೆಸ್‌ಮೆಂಟ್. ಮಗುವನ್ನು ಮನೆಯಲ್ಲಿ ಸಿದ್ಧಪಡಿಸಬೇಡಿ, ಸಹಜವಾಗಿರಲು ಬಿಡಿ' ಎಂದಿತ್ತು. ಸಹಜವಾಗಿರುವ ಮಗುವಿಗೆ ಏನೇನು ಬರಬೇಕು ಎಂಬ ಪಟ್ಟಿ ಉಳಿದೆರಡು ಪುಟಗಳನ್ನು ತುಂಬಿತ್ತು.

ಅಕ್ಕ ಮೊದಲ ಪುಟವನ್ನು ಮಡಚಿ ಎತ್ತಿಟ್ಟಳು. ಉಳಿದೆರಡನ್ನು ಫ್ರಿಜ್ಜಿಗೆ ಅಂಟಿಸಿ ನನಗೆ ಫೋನ್ ಮಾಡಿದಳು.

"ಬಿ.ಎಡ್. ಮುಗ್ಸಿ ಮನೇಲಿ ಕುಂತು ಏನ್ ಮಾಡ್ತಿ? ಬಾ ಇಲ್ಲಿ. ಕಲ್ತಿದ್ದು ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ."

ನಾನು ನಮ್ಮೂರು ಸಾರಥಿಯಲ್ಲಿ, ಅವ್ವನ ಮನೆಯಲ್ಲಿ, ಫಲಿತಾಂಶಕ್ಕೆ ಕಾಯುತ್ತಿದ್ದೆ. ಸೋಮವಾರ ಬೆಳಿಗ್ಗೆ ಹರಿಹರಕ್ಕೆ ಬಂದು ದಾವಣಗೆರೆ ಬಸ್ ಹಿಡಿದು, ಎಂ.ಸಿ.ಸಿ. ಬಿ ಬ್ಲಾಕಿನಲ್ಲಿರುವ ಅಕ್ಕನ ಮನೆ ಮುಟ್ಟಿದೆ. ಆ ಮನೆಯಲ್ಲಿ ಆಗಲೇ ಎಲ್ಲ ವಸ್ತುಗಳಿಗೂ ಇಂಗ್ಲಿಷ್ ಹೆಸರಿನ ಚೀಟಿ ಬಿದ್ದಿತ್ತು. ಬಾಗಿಲಿಗೆ, ಕನ್ನಡಿಗೆ, ಕಸಬರಿಗೆಗೆ ಕೂಡ. ಭಾವ ಸೋಫಾದ ಮೇಲೆ ಪೇಪರ್ ಓದುತ್ತಿದ್ದವರು, "ನನಗೊಂದು ಅಂಟ್ಸಿಲ್ಲ ನೋಡವ್ವ. ಪಟ್ಟಿಯಾಗೆ ನಾನು ಇಲ್ವಂತೆ" ಎಂದರು.

ಮಗುವಿಗೆ ಐದೂವರೆ ವರ್ಷ. ಪಕ್ಕದ ಗೇಟಿನ ಹುಡುಗಿ ಅವಳ ಒಬ್ಬಳೇ ಗೆಳತಿ. ಆ ಹುಡುಗಿಗೆ ಅದೇ ಶಾಲೆಯಲ್ಲಿ ಸೀಟು ಸಿಕ್ಕಾಗಿತ್ತು. ಬ್ಯಾಗು ಕೂಡ ಬಂದಿತ್ತು, ಅದನ್ನು ಹಾಕಿಕೊಂಡು ಗೇಟಿನ ಬಳಿ ಓಡಾಡುತ್ತಿದ್ದಳು. ಅಕ್ಕನಿಗೆ ಬೇಕಾಗಿದ್ದುದು ಶಾಲೆಯ ಹೆಸರು. ಮಗುವಿಗೆ ಬೇಕಾಗಿದ್ದುದು ಆ ಹುಡುಗಿಯ ಪಕ್ಕದ ಜಾಗ. ದಿನಾ ಊಟಕ್ಕೆ ಕೂತಾಗ ಒಂದೇ ಪ್ರಶ್ನೆ: "ಚಿಕ್ಕಮ್ಮ, ನಾನೂ ಅವಳೂ ಒಂದೇ ಬೆಂಚಲ್ವಾ?" ಪಾಸಾದರೆ ಹೌದು ಎಂದು ನಾನು ಹೇಳುತ್ತಿದ್ದೆ. ಬಿ.ಎಡ್.ನಲ್ಲಿ ಇದಕ್ಕೆ ಪ್ರೇರಣೆ ಎನ್ನುತ್ತಾರೆ.

ನಾನು ಕೆಲಸವನ್ನು ಕ್ರಮವಾಗಿ ಹಂಚಿದೆ. ಬೆಳಿಗ್ಗೆ ಆಕಾರಗಳು, ಮಧ್ಯಾಹ್ನ ಪ್ರಾಣಿಗಳು, ಸಂಜೆ ಸಹಜವಾಗಿರುವ ಅಭ್ಯಾಸ. ದಿನದ ಕೊನೆಗೆ ಡೈರಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಮೊದಲ ದಿನದ್ದು ಹೀಗಿದೆ: ಸರಿ ಉತ್ತರ ಹನ್ನೊಂದು, ತಪ್ಪು ನಾಲ್ಕು. ಅತ್ತವರು: ಮಗು ಒಂದು ಸಲ, ಅಕ್ಕ ಎರಡು ಸಲ.

ತಪ್ಪು ಎಂದು ಬರೆದ ನಾಲ್ಕರಲ್ಲಿ ಒಂದು ಹಸುವಿನದು. ಹಸು ಏನು ಕೊಡುತ್ತದೆ ಎಂದು ಕೇಳಿದೆ.

"ಏನೂ ಕೊಡಲ್ಲ. ಅಜ್ಜಿನೇ ಹಿಂಡ್ಕೋತಾಳೆ."

"ಹಾಲು ಅನ್ನೇ ಸಾಕು," ಎಂದು ಅಕ್ಕ ಅಡುಗೆಮನೆಯಿಂದ ಕೂಗಿದಳು.

ಸಂಜೆ ಭಾವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೇಡಂ ಆಗುತ್ತಿದ್ದರು. ಮಗು ಬಾಗಿಲಿನಿಂದ ಬಂದು, ಗುಡ್ ಮಾರ್ನಿಂಗ್ ಹೇಳಿ, ಕೂರಲು ಹೇಳುವವರೆಗೆ ನಿಂತಿರಬೇಕು. ಭಾವ ಇಂಗ್ಲಿಷಿನಲ್ಲಿ ಅವಳ ಹೆಸರು ಕೇಳಿದರು. ಮಗು ಗಾಬರಿಯಿಂದ ನನ್ನ ಕಡೆ ತಿರುಗಿ, "ಅಪ್ಪಂಗೆ ನನ್ನ ಹೆಸರು ಮರ್ತೋಗೈತೆ" ಎಂದಿತು. ಅಕ್ಕ ಸಂಜೆಗೆ ಎರಡು ಸಲ ಇದನ್ನು ಮಾಡಿಸುತ್ತಿದ್ದಳು. ವಾರದ ಕೊನೆಗೆ ಮಗು ಕೀಲಿ ಕೊಟ್ಟ ಗೊಂಬೆಯ ಹಾಗೆ ಸಹಜವಾಗಿತ್ತು.

ಅಸೆಸ್‌ಮೆಂಟಿನ ಹಿಂದಿನ ಭಾನುವಾರ ಮಗುವಿಗೆ ವಿಶ್ರಾಂತಿ ಮತ್ತು ಒಳ್ಳೆಯ ಗಾಳಿ ಬೇಕು ಎಂದು ಪಟ್ಟಿಯಲ್ಲೇ ಇತ್ತು. ಹಾಗಾಗಿ ಅವಳನ್ನು ಸಾರಥಿಗೆ ಕರೆದೊಯ್ದೆ. ಅವ್ವ ಅಂದು ನಡುಮನೆಯಲ್ಲಿ ಚೀಲ ಬಿಚ್ಚಿ, ಅಕ್ಕನ ಮನೆಗೆ ಕಳಿಸಲು ಸೇರಿನಲ್ಲಿ ಅಕ್ಕಿ ಅಳೆಯುತ್ತಿದ್ದಳು. ಸೇರು ತುಂಬಿ, ಅಂಗೈಯಿಂದ ಮೇಲೆ ಸವರಿ, ಸುರಿಯುವಾಗ ಎಣಿಕೆ: "ಲಾಭ. ಎರಡು. ಮೂರು."

"ಅಜ್ಜೀ, ಒಂದು ಅನ್ಬೇಕು," ಎಂದಿತು ಮಗು.

"ಕಾಳಿಗೆ ಒಂದು ಅನ್ಬಾರ್ದು ಕಣವ್ವ. ಒಂದು ಅಂದ್ರೆ ಒಂದೇ ಆಗಿ ನಿಲ್ತೈತೆ. ಲಾಭ ಅಂದ್ರೆ ಬೆಳಿತೈತೆ."

ಆರಾದ ಮೇಲೆ ಅವ್ವ ಏಳು ಎನ್ನಲಿಲ್ಲ, ಮತ್ತೊಂದು ಎಂದಳು. ಅದಕ್ಕೂ ಮಗು ತಡೆಯಿತು.

"ಏಳು ಅಂದ್ರೆ ಲಕ್ಷ್ಮಿ ಎದ್ದು ಹೊಂಟೋಗ್ತಾಳೆ. ಹೋಗ್ಲಾ?"

"ಬ್ಯಾಡ," ಎಂದಿತು ಮಗು, ನಿಜಕ್ಕೂ ಹೆದರಿ. ಆಮೇಲೆ ಪಾವು ಕೇಳಿ ತೆಗೆದುಕೊಂಡು ತಾನೂ ಅಳೆಯಲು ಕೂತಿತು. ಆ ವಾರದಲ್ಲಿ ಅವಳು ಹೇಳಿಸಿಕೊಳ್ಳದೆ ಕಲಿತದ್ದು ಅದೊಂದೇ. ಪಟ್ಟಿಯಲ್ಲಿ ಇಲ್ಲದ್ದರಿಂದ ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಬುಧವಾರ ಅಸೆಸ್‌ಮೆಂಟ್. ಭಾವನಿಗೆ ರಜೆ ಸಿಗದೆ ನಾನೂ ಅಕ್ಕನೂ ಹೋದೆವು. ನಮ್ಮನ್ನು ಮಗುವಿನ ಹಿಂದೆ ಎರಡು ಕುರ್ಚಿಯಲ್ಲಿ ಕೂರಿಸಿ, ಬಾಯಿ ಬಿಡಬಾರದೆಂದರು. ಮೇಡಂ ತುಂಬಾ ಮೃದುವಾಗಿ ಮಾತಾಡುತ್ತಿದ್ದರು. ಆಕಾರ ಸರಿಹೋಯಿತು. ಬಣ್ಣ ಸರಿಹೋಯಿತು. ಹಸು ಈ ಸಲ ಹಾಲು ಕೊಟ್ಟಿತು. ಅಕ್ಕನ ಮುಖ ಸಡಿಲವಾಯಿತು.

ಆಗ ಮೇಡಂ ಒಂದು ಬಟ್ಟಲು ತುಂಬ ಕಡಲೆಕಾಳು, ಒಂದು ಪುಟ್ಟ ಕಪ್ಪು, ಒಂದು ಖಾಲಿ ಡಬ್ಬಿ ಮುಂದಿಟ್ಟರು. "ಕಪ್ಪಿಂದ ಅಳೆದು ಡಬ್ಬಿಗೆ ಹಾಕು ಪುಟ್ಟ. ಎಷ್ಟು ಅಂತ ಎಣಿಸು. ಕನ್ನಡದಲ್ಲೇ ಎಣಿಸಬಹುದು, ನಮ್ಮಲ್ಲಿ ಮಾತೃಭಾಷೆಗೂ ಬೆಲೆ ಇದೆ."

ಮಗು ಕಪ್ಪು ತುಂಬಿ, ಅಂಗೈಯಿಂದ ಮೇಲೆ ಸವರಿತು. ಆ ಕೈ ನೋಡಿದೊಡನೆ ನನಗೆ ಮುಂದಿನದು ಗೊತ್ತಾಯಿತು.

"ಲಾಭ."

"ಮೊದಲಿಂದ ಎಣಿಸು."

ಮಗು ಕಾಳನ್ನು ಬಟ್ಟಲಿಗೆ ವಾಪಸ್ ಸುರಿದು ಮತ್ತೆ ತುಂಬಿತು. "ಲಾಭ." ಮೇಡಂ ಹುಬ್ಬು ಗಂಟಿಕ್ಕಿದರು. ಅವರಿಗೆ ಕಿವಿ ಮಂದ ಇರಬೇಕೆಂದುಕೊಂಡು ಮಗು ಮೂರನೆಯ ಸಲ ಜೋರಾಗಿ ಹೇಳಿ, ನಿಲ್ಲದೆ ಮುಂದಕ್ಕೆ ಹೋಯಿತು. ಎರಡು, ಮೂರು, ನಾಲ್ಕು, ಐದು, ಆರು, ಮತ್ತೊಂದು, ಎಂಟು.

"ಮೇಡಂ, ನಮ್ಮ ಕಡೆ ಕಾಳು ಅಳಿಬೇಕಾದ್ರೆ ಹಂಗೆ..." ಎಂದಳು ಅಕ್ಕ.

"ಪೇರೆಂಟ್ಸ್ ಹೇಳ್ಕೊಡಬಾರದ್ರಿ," ಎಂದರು ಮೇಡಂ ಅಷ್ಟೇ ಮೃದುವಾಗಿ, ಮತ್ತು ಬರೆದುಕೊಂಡರು.

ಬರೆದದ್ದು ಶುಕ್ರವಾರ ಅಕ್ಕನ ಮೊಬೈಲಿಗೆ ಬಂತು. ಮಗುವಿಗೆ ಒಂದು ಮತ್ತು ಏಳು ಎಂಬ ಸಂಖ್ಯೆಗಳ ಪರಿಕಲ್ಪನೆ ಇಲ್ಲ. ಒಂದು ವಾರದ ನಂತರ ಮತ್ತೊಮ್ಮೆ ಕರೆತನ್ನಿ. ಮನೆಯಲ್ಲಿ ಮಗುವಿನ ಎದುರು ಲಾಭ ನಷ್ಟದ ಮಾತು ಆಡದಿರುವುದು ಒಳ್ಳೆಯದು. ಈ ಸಲಹೆಯ ಕೆಳಗೇ ಶುಲ್ಕದ ಕಂತುಗಳ ವಿವರವಿತ್ತು. ಭಾವ ಅದನ್ನು ಎರಡು ಸಲ ಓದಿ, "ಲಾಭದ ಮಾತು ಅವರೊಬ್ಬರೇ ಆಡ್ಬೇಕಂತೆ" ಎಂದರು.

ಅಕ್ಕ ಅವ್ವನಿಗೆ ಫೋನ್ ಮಾಡಿದಳು. ಸ್ಪೀಕರಿನಲ್ಲಿ ನಾವೆಲ್ಲ ಕೇಳಿದೆವು.

"ನೀನು ಒಂದು ಅಂತ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತವ್ವ?"

"ನಿನಗೂ ಹಂಗೇ ಎಣಿಸಿ ಅನ್ನ ಹಾಕಿದ್ದು ಕಣೆ. ಲೆಕ್ಕದಾಗೆ ನೂರಕ್ಕೆ ನೂರು ತಗಂಡಿದ್ದೆ. ಆ ಮೇಡಮ್ಮನ್ನ ಒಂದ್ಸಲ ಇಲ್ಲಿಗೆ ಕರ್ಕಂಬಾ, ಎರಡು ಸೇರು ಅಕ್ಕಿ ಅಳೆದು ಕೊಡ್ತೀನಿ."

ಆ ವಾರ ಪೂರ್ತಿ ಮರೆಸುವ ಪಾಠ. ಬಿ.ಎಡ್.ನಲ್ಲಿ ಕಲಿಸಲು ಹೇಳಿಕೊಟ್ಟಿದ್ದರು, ಮರೆಸಲು ಹೇಳಿಕೊಟ್ಟಿರಲಿಲ್ಲ. ಮಗು ಪ್ರತಿ ಸಲ ಏಳರ ಹತ್ತಿರ ಬಂದು ನಿಲ್ಲುತ್ತಿತ್ತು.

"ಲಕ್ಷ್ಮಿ ಹೋದ್ರೆ?"

"ಇದು ಶಾಲೆ ಕಾಳು. ಹೋದ್ರೆ ಅವರ ಲಕ್ಷ್ಮಿ ಹೋಗ್ತಾಳೆ," ಎಂದೆ. ಅದು ಅವಳಿಗೆ ಒಪ್ಪಿಗೆಯಾಯಿತು. ಎರಡನೆಯ ಸಲ ಹೋದಾಗ ಒಂದರಿಂದ ಹತ್ತರವರೆಗೆ ತಡೆಯಿಲ್ಲದೆ ಎಣಿಸಿ, ಏಳು ಎನ್ನುವಾಗ ಮಾತ್ರ ಮೇಡಂ ಮುಖವನ್ನು ಕನಿಕರದಿಂದ ನೋಡಿತು.

ಸೀಟು ಸಿಕ್ಕಿತು. ಅಕ್ಕ ಇಡೀ ಸಾಲಿನ ಮನೆಗಳಿಗೆ ಪೇಡ ಹಂಚಿದಳು. ಸೋಮವಾರ ಸೆಕ್ಷನ್ ಪಟ್ಟಿ ಬಂತು. ಗೆಳತಿ ಎ ಸೆಕ್ಷನ್. ಇವಳು ಬಿ. ಎರಡನೆಯ ಸಲ ಬಂದವರೆಲ್ಲ ಬಿ, ಅವರಿಗೆ ವಿಶೇಷ ಗಮನ ಕೊಡಲಾಗುವುದು ಎಂದಿತ್ತು. "ಒಂದೇ ಶಾಲೆ ಅಲ್ವೇನೇ," ಎಂದು ಅಕ್ಕ ಮಗುವಿನ ತಲೆ ಸವರಿದಳು. ಮಗು ಗೇಟಿನ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತು ಒಳಗೆ ಬಂತು. ಅಂದು ಊಟಕ್ಕೆ ಕೂತಾಗ ಬೆಂಚಿನ ಪ್ರಶ್ನೆ ಕೇಳಲಿಲ್ಲ. ನನ್ನ ಲೆಕ್ಕದಲ್ಲಿ ಅದು ತಪ್ಪಿದ ಮೊದಲ ದಿನ.

ಮುಂದಿನ ಭಾನುವಾರ ಸೀಟಿನ ಸಂತೋಷಕ್ಕೆ ಭಾವನ ಕಡೆಯವರನ್ನು ಊಟಕ್ಕೆ ಕರೆದಿದ್ದರು. ಅವ್ವ ಕಳಿಸಿದ ಅಕ್ಕಿಯ ಡಬ್ಬಿಯನ್ನು ಅಕ್ಕ ತೆರೆದು, ಪಾವು ತುಂಬಿ, ಅಂಗೈಯಿಂದ ಸವರಿ ಪಾತ್ರೆಗೆ ಸುರಿದಳು.

"ಲಾಭ," ಎಂದಳು.

ಕಟ್ಟೆಯ ಪಕ್ಕ ಕೊತ್ತಂಬರಿ ಬಿಡಿಸುತ್ತಿದ್ದ ಮಗು ತಲೆಯೆತ್ತಿತು.

"ಹಂಗೆ ಅನ್ಬ್ಯಾಡಮ್ಮ. ನಿನ್ನೂ ಬಿ ಸೆಕ್ಷನ್‌ಗೆ ಹಾಕ್ತಾರೆ."