ವಾಚ್‌ಮನ್ ಬೈದ ಕಾಲೇಜು

ಎದುರು ಬಾಗಿಲಿನ ಮಾಮಿಯ ಬಲ ಹುಬ್ಬು ಎಡದ್ದಕ್ಕಿಂತ ಒಂದು ಬೆರಳು ಮೇಲೆಯೇ ಇರುತ್ತಿತ್ತು. ಮೂವತ್ತು ವರ್ಷ ಗಂಡುಗಳ ಫೋಟೊ ನೋಡಿ ಸಂಶಯಪಟ್ಟು ಅದು ಅಲ್ಲೇ ನಿಂತುಹೋಗಿತ್ತೆಂದು ನನ್ನ ಊಹೆ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನೆಲೆಸಿದ ನಮ್ಮ ಊರ ಕಡೆಯವರ ಮದುವೆ ಸಂಬಂಧಗಳೆಲ್ಲ ಅವರ ಕೈದಾಟಿಯೇ ಹೋಗಬೇಕು. "ಹುಡುಗನನ್ನು ಕೇಳಿದ್ರೆ ಎಂತ ಗೊತ್ತಾಗ್ತದೆ? ಅವನ ಬಿಲ್ಡಿಂಗಿನ ವಾಚ್‌ಮನ್‌ನ ಕೇಳ್ಬೇಕು" ಎನ್ನುವುದು ಅವರ ಶಾಸ್ತ್ರ.

ಹನ್ನೆರಡನೆಯ ತರಗತಿ ಮುಗಿಸಿ ನಾನು ಸಂಗೀತ ಸಂಯೋಜನೆ ಓದುತ್ತೇನೆಂದು ಹಟ ಹಿಡಿದೆ. ಬೇರೆಯವರು ನುಡಿಸಲೆಂದು ಸಂಗೀತ ಬರೆಯುವ ವಿದ್ಯೆ. ಅಪ್ಪನಿಗೆ ತಲೆಬುಡ ಅರ್ಥವಾಗಲಿಲ್ಲ. "ಒಂದೇ ಕಡೆ ಸೇರು, ಒಂದು ವರ್ಷ ನೋಡುವ. ಸರಿಬರದಿದ್ರೆ ಬಾಯಿಮುಚ್ಚಿ ಬಿ.ಕಾಂ." ಎಂದರು. ನನ್ನ ಕೈಯಲ್ಲಿ ಎರಡು ಪ್ರಾಸ್ಪೆಕ್ಟಸ್. ನವಿ ಮುಂಬೈಯ ಹೊಸ ವಿಶ್ವವಿದ್ಯಾಲಯದ್ದು ಹೊಳೆಯುವ ಕಾಗದ, ಪುಟಪುಟಕ್ಕೂ ಗ್ರ್ಯಾಂಡ್ ಪಿಯಾನೊ. ಠಾಣೆ ನಗರದ ಹಳೆಯ ಕಾಲೇಜಿನದ್ದು ಜೆರಾಕ್ಸಿನ ನಾಲ್ಕು ಹಾಳೆ. ನನ್ನ ಮನಸ್ಸು ಎಲ್ಲಿತ್ತೆಂದು ಹೇಳಬೇಕಾಗಿಲ್ಲ.

"ಫೋಟೊ ನೋಡಿಯೇ ಮದುವೆ ಆಗ್ತೀಯಾ ಮಾರಾಯ್ತಿ? ನಡಿ" ಎಂದು ಮಾಮಿ ಚಪ್ಪಲಿ ಮೆಟ್ಟಿದರು.

ಠಾಣೆಯಲ್ಲಿ ಲೋಕಲ್ ರೈಲು ಬದಲಿಸಿ ಮೊದಲು ನವಿ ಮುಂಬೈಗೆ ಹೋದೆವು. ಗೇಟಿನ ವಾಚ್‌ಮನ್ ಎದೆಯುಬ್ಬಿಸಿ, "ಪಿಯಾನೊ ಏಕ್‌ದಮ್ ನಯಾ ಹೈ ಮೌಸಿ, ಕೋಯಿ ಹಾಥ್ ಭೀ ನಹೀಂ ಲಗಾತಾ" ಎಂದ. ಹೊಚ್ಚಹೊಸ ಪಿಯಾನೊ, ಯಾರೂ ಕೈ ಕೂಡ ಹಚ್ಚುವುದಿಲ್ಲವಂತೆ! ನಾನು ಕರಗಿಹೋದೆ. ಮಾಮಿ ನನ್ನ ಕಿವಿಯಲ್ಲಿ, "ಯಾರೂ ಮುಟ್ಟದ ಪಾತ್ರೆಯಲ್ಲಿ ಅಡುಗೆ ಆಗ್ತದಾ?" ಎಂದರು.

ಠಾಣೆಯ ಕಾಲೇಜಿನ ವಾಚ್‌ಮನ್ ಮಾತ್ರ ಮರಾಠಿಯಲ್ಲಿ ಗೋಳೋ ಎಂದ. ಬೆಳಗಾದರೆ ಒಬ್ಬ ಏನೋ ಗೀಚುತ್ತಾನಂತೆ, ಉಳಿದವರು ಕೂಡಲೇ ಅದನ್ನು ಬಾರಿಸಿ ನೋಡುತ್ತಾರಂತೆ, ಇವನ ತಲೆನೋವು ಬಿಟ್ಟದ್ದೇ ಇಲ್ಲವಂತೆ! ಅವನು ಬೈದಷ್ಟೂ ಮಾಮಿಯ ಮುಖ ಅರಳಿತು. "ಇಲ್ಲಿಗೇ ಕೊಡುವ. ನೀನು ಬರೆದದ್ದನ್ನು ನುಡಿಸ್ಲಿಕ್ಕೆ ಜನ ಉಂಟು" ಎಂದು ಸಂಬಂಧ ಕುದುರಿಸಿಯೇಬಿಟ್ಟರು. ಪಿಯಾನೊ ತಪ್ಪಿದ ಸಿಟ್ಟಿಗೆ ನಾನು ಡೊಂಬಿವಲಿಯ ತನಕ ಮುಖ ಊದಿಸಿಕೊಂಡಿದ್ದೆ.

ವರ್ಷದ ಕೊನೆಗೆ ನಾಲ್ವರು ಸಹಪಾಠಿಗಳು ವೇದಿಕೆಯಲ್ಲಿ ನನ್ನ ಕೃತಿಯನ್ನು ನುಡಿಸಿದರು. ಕೆಳಗೆ ಮಾಮಿಯ ಪಕ್ಕ ಅಪ್ಪ ಕೈಕಟ್ಟಿ ಕುಳಿತಿದ್ದರು. ನನಗೆ ಬಿ.ಕಾಂ. ಕಣ್ಣಮುಂದೆಯೇ ನಿಂತಿತ್ತು. ನಡುವೆ ನಾನು ಬೇಕೆಂದೇ ಬರೆದ ಒಂದು ದೀರ್ಘ ಮೌನವಿತ್ತು. ಮುಗಿಯಿತೆಂದುಕೊಂಡ ಮಾಮಿ ಎದ್ದುನಿಂತು ಚಟಪಟ ಚಪ್ಪಾಳೆ ತಟ್ಟಿದರು, ಮೊಣಕೈಯಿಂದ ಅಪ್ಪನಿಗೂ ಒಮ್ಮೆ ತಿವಿದರು. ಅವರೂ ತಟ್ಟಿದರು! ನುಡಿಸುವವರು ನಕ್ಕು ಮುಂದುವರಿಸಿದರು. ಹೊರಗೆ ಬಂದ ಅಪ್ಪ, "ಇಡೀ ನೀನೇ ಬರೆದದ್ದಾ?" ಎಂದು ಎರಡು ಸಲ ಕೇಳಿದರು. ಬಿ.ಕಾಂ.ನ ಸುದ್ದಿ ಮತ್ತೆ ಬರಲಿಲ್ಲ.

ಕೆಲವು ವರ್ಷಗಳ ಮೇಲೆ ಮಾಮಿ ಟಿಟ್ವಾಳಾದಲ್ಲಿದ್ದ ಮಗನ ಮನೆಯಲ್ಲಿ ತೀರಿಕೊಂಡರು. ನನ್ನ ಬದುಕಿನ ಅತಿ ಒಳ್ಳೆಯ ಸಂಬಂಧ ಅವರು ಹೊಂದಿಸಿದ್ದೇ. ಅವರು ಹೋದ ಮರುವರ್ಷ ಠಾಣೆಯಲ್ಲಿ ಅದೇ ಕೃತಿಯನ್ನು ನುಡಿಸಿದರು. ಬಲ್ಲವರ ಸಭೆ, ಆ ಮೌನ ಬಂದಾಗ ಯಾರೂ ಮಿಸುಕಲಿಲ್ಲ. ನನಗೆ ತಡೆಯಲಾಗಲಿಲ್ಲ. ಎದ್ದುನಿಂತು ನಾನೇ ಚಪ್ಪಾಳೆ ತಟ್ಟಿದೆ.