ಐಹೊಳಿ ಗುಡ್ಯಾಗ ಇಳಕೊಂಡ ಸಂಜಿ

ಇಳಕಲ್ ಸೀರಿ ಗಂಟು ಹೊತ್ತು ಊರೂರು ತಿರಗಾವ ನಾ. ಸಂಜಿ ಆದಲ್ಲೇ ಬಯಲಾಗ ಇಳಕೊಳ್ಳೂದು. ಇಂಗ್ಲಿಷ್ ಸಾಹೇಬರ ಸರಕಾರದ ನೆಲ, ಯಾರೂ ಕೇಳಂಗಿಲ್ಲ.

ಒಮ್ಮೆ ಬದಾಮಿಗೆ ಹೊಂಟಾಗ ಐಹೊಳಿ ಹತ್ರ ಮಳಿ ಹಿಡಕೊಂತು. ಅಲ್ಲಿ ಪಾಳು ಗುಡಿಗೇನು ಬರ? ಹೊಗಿ ಕಾಣದ, ಯಾರೂ ಇಲ್ಲದಂಗಿದ್ದ ಒಂದನ್ನ ಆರಿಸಿ, ಗಂಟು ಇಳಿಸಿ, ಕಂಬದ ಬುಡಕ್ಕ ಒಲಿ ಹೂಡಿದ್ನಿ. ಅಷ್ಟರಾಗ ಒಳಗ ದೇವರಿರೂ ಖೋಲಿಯಿಂದ ಯಾರೋ ನರಳಿದ್ರು. ದೇವರಿಗೇ ಸಿಟ್ಟು ಬಂತಂತ ಅಡ್ಡ ಬಿದ್ನಿ. ಬಿದ್ದಲ್ಲೇ ಇದ್ನಿ, ಒಳಗ ಕೂಸು ಅತ್ತಿತು!

ಮುದುಕಿಯೊಬ್ಬಾಕಿ ಹೊರಗ ಬಂದ್ಲು. "ಯಾರಪಾ ನೀ, ನಮ್ಮ ಪಡಸಾಲ್ಯಾಗ?"

"ಯವ್ವಾ, ಇದು ಗುಡಿ ಅಲ್ಲೇನು?"

"ನಮ್ಮ ಮಾವನ ಕಾಲದಿಂದ ನಮ್ಮ ಮನಿ. ಸೊಸಿ ಹಡದಾಳ. ಒಲಿ ಹೊತ್ತಿಸಿದ್ದು ಛಲೋ ಆತು, ಮೊದಲ ನೀರು ಕಾಸು."

ಕಾಸಿದ್ನಿ. ಕೂಸಿಗೆ ಸುತ್ತಾಕ ಹೊಸ ಸೀರಿ ಬಿಚ್ಚಿದ್ರ ಬೈದ್ಲು. "ಗಂಜಿ ಹಾಕಿದ್ದು ಚುಚ್ಚತೈತಿ. ನಿನ್ನ ಹಳೀ ರುಮಾಲ ಕೊಡು."

ತಲಿ ಬರಿದು ಮಾಡಿಕೊಂಡು ಕೇಳಿದ್ನಿ, "ಹಂಗಾದ್ರ ದೇವರೆಲ್ಲಿ?"

"ಜ್ವಾಳದ ಚೀಲದ ಹಿಂದ ಅದಾನ. ಅಂವ ಏನೂ ಅನ್ನಂಗಿಲ್ಲ."

ಈಗ ಯಾವ ಗುಡಿ ಕಂಡ್ರೂ, ಕೈ ಮುಗಿಯೂಕಿಂತ ಮೊದಲ ಬಾಗಲದಾಗ ನಿಂತು ಕೆಮ್ಮತೇನಿ.