ಬೆನ್ನು ತಿಕ್ಕುವ ಸೊಸೆ

ಹುಬ್ಬಳ್ಳಿಯ ಪತ್ರಿಕೆಯ ನಿಧನವಾರ್ತೆಯಲ್ಲಿ ವಿಜಯಶ್ರೀಗೆ ಸಿಕ್ಕಿದ್ದು ನಾಲ್ಕು ಸಾಲು. ಖಾಸಗಿ ಶಾಲೆಯ ಚಿತ್ರಕಲಾ ಶಿಕ್ಷಕಿ, ಹವ್ಯಾಸಿ ಕಲಾವಿದೆ, ಪತಿ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ. ಬಂಧುಬಳಗ ಅಪಾರವಾಗಿದ್ದದ್ದು ನಿಜ. ಆದರೆ ಮಣ್ಣಿಗೆ ಬಂದವರಲ್ಲಿ ಅವಳು ಜರ್ಮನಿಯಲ್ಲಿ ಏನು ಓದಿದಳು, ಯಾಕೆ ಬಿಟ್ಟಳು ಎಂದು ಬಲ್ಲವರು ಬೆರಳೆಣಿಕೆಯಷ್ಟು. ಬಲ್ಲವರೂ "ಪಾಪ, ಅಲ್ಲೀ ಹವಾ ಒಗ್ಗಲಿಲ್ಲ" ಎಂದು ಹೇಳಿ ಕೈ ತೊಳೆದುಕೊಂಡರು. ಹವೆ ಅವಳಿಗೆ ಚೆನ್ನಾಗಿಯೇ ಒಗ್ಗಿತ್ತು. ಅವಳು ಹವ್ಯಾಸಿಯೂ ಆಗಿರಲಿಲ್ಲ.

ಅವಳು ಗದುಗಿನ ಹುಡುಗಿ. ಶಾಲೆಯಲ್ಲಿದ್ದಾಗ ಡ್ರಾಯಿಂಗ್ ಪರೀಕ್ಷೆಗಳನ್ನೆಲ್ಲ ಮೊದಲ ದರ್ಜೆಯಲ್ಲಿ ಮುಗಿಸಿ, ಮುಂದೆ ಕಲಾ ಶಾಲೆ ಸೇರಿ, ಮದುವೆಯಾಯಿತೆಂದು ನಡುವೆಯೇ ಬಿಟ್ಟವಳು. ಗಂಡ ಶೈಲೇಶ ಜರ್ಮನ್ ಸರ್ಕಾರ ಹೊರದೇಶದ ಕಂಪ್ಯೂಟರ್ ಕೆಲಸಗಾರರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಸ್ಟುಟ್‌ಗಾರ್ಟ್‌ಗೆ ಹೋದಾಗ ಜೊತೆಗೆ ಹೋದಳು. ಅವನದು ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ. ಗ್ರೀನ್ ಕಾರ್ಡಿನವರ ಹೆಂಡಂದಿರು ಬಂದ ಕೂಡಲೇ ಕೆಲಸಕ್ಕೆ ಸೇರುವಂತಿರಲಿಲ್ಲ, ಓದಬಹುದಿತ್ತು. ಉಳಿದ ಹೆಂಗಸರು ಸಂಜೆಯ ಜರ್ಮನ್ ತರಗತಿಗೆ ನಾಲ್ಕು ದಿನ ಹೋಗಿ, ಅಂಗಡಿಯಲ್ಲಿ ತರಕಾರಿ ಕೇಳುವಷ್ಟು ಕಲಿತು ನಿಲ್ಲಿಸಿದರು. ವಿಜಯಶ್ರೀ ನಿಲ್ಲಿಸಲಿಲ್ಲ. ಎರಡು ವರ್ಷದ ಹೊತ್ತಿಗೆ ಕಲಾ ಇತಿಹಾಸದ ಪುಸ್ತಕ ಓದುವಷ್ಟು ಜರ್ಮನ್ ಬಂತು. ರೈಲಿನಲ್ಲಿ ಒಂದು ತಾಸಿನ ದೂರದ ಊರಿನ ಚಿಕ್ಕ ಕಲಾ ಕಾಲೇಜಿಗೆ ತನ್ನ ಚಿತ್ರಗಳ ಕಟ್ಟು ಕೊಟ್ಟು, ಪ್ರವೇಶ ಪರೀಕ್ಷೆ ಬರೆದು, 2003ರ ಅಕ್ಟೋಬರಿನಲ್ಲಿ ಸೇರಿಯೇಬಿಟ್ಟಳು.

ಶೈಲೇಶನಿಗೆ ಹೆಮ್ಮೆಯೇ ಆಯಿತು. ಯಾರು ಮನೆಗೆ ಬಂದರೂ, "ನಮ್ಮ ಮನಿಯಾಕಿ ಜರ್ಮನ್ ಪ್ರೊಫೆಸರ್ ಕಡೆ ಕಲಿಯಾಕತ್ತಾಳ" ಎನ್ನುತ್ತಿದ್ದ.

ಆದರೆ ಸೇರಿದ ಮಾತ್ರಕ್ಕೆ ಉಳಿದಂತಲ್ಲ. ಆ ಕಾಲೇಜಿನಲ್ಲಿ ಮೊದಲ ವರ್ಷವೆಂದರೆ ಉಮೇದುವಾರಿಕೆ. ಬೇಸಿಗೆಯಲ್ಲಿ ರುಂಡ್‌ಗಾಂಗ್ ಎಂಬ ಹಬ್ಬ. ಕಾಲೇಜಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು ಊರ ಜನರನ್ನು ಒಳಗೆ ಬಿಡುತ್ತಾರೆ. ಪ್ರತಿ ವಿದ್ಯಾರ್ಥಿಗೂ ಒಂದು ಗೋಡೆ. ಹಬ್ಬ ಮುಗಿದ ಮರುದಿನ ಪ್ರಾಧ್ಯಾಪಕರ ಗುಂಪು ಅದೇ ಗೋಡೆಗಳ ಮುಂದೆ ನಿಂತು, ಮೊದಲ ವರ್ಷದವರಲ್ಲಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು ಎಂದು ತೀರ್ಮಾನಿಸುತ್ತದೆ. ಗೋಡೆಯ ಮೇಲಿಲ್ಲದ್ದು ಲೆಕ್ಕಕ್ಕಿಲ್ಲ. ಕಳಿಸಿದರೆ ಮತ್ತೆ ಅರ್ಜಿ ಹಾಕುವಂತಿಲ್ಲ. ಒಮ್ಮೆ ಓದು ಬಿಟ್ಟವಳಿಗೆ ಇದು ಎರಡನೆಯ ಅವಕಾಶ. ಮೂರನೆಯದು ಇಲ್ಲವೆಂದು ಅವಳಿಗೆ ತಿಳಿದಿತ್ತು.

ಚಳಿಗಾಲವಿಡೀ ಅವಳ ಕೆಲಸ ಕೆಟ್ಟಿತು. ಬೆತ್ತಲೆ ರೂಪದರ್ಶಿಗಳ ಮುಂದೆ ನಿಂತು ಚಿತ್ರ ಬರೆಯುವ ತರಗತಿಯಲ್ಲಿ ಅವಳು ಮುಖವನ್ನು ತಿದ್ದಿ ತೀಡಿ, ಕತ್ತಿನ ಕೆಳಗೆ ಬಂದೊಡನೆ ಹೂಜಿ ಬರೆದಂತೆ ಬರೆಯುತ್ತಿದ್ದಳು. ಗದುಗಿನಲ್ಲಿ ಕಲಿತದ್ದೇ ಹಾಗೆ: ಗೆರೆ ಶುದ್ಧವಾಗಿರಬೇಕು, ತಪ್ಪಿದರೆ ಅಳಿಸಬೇಕು. ಪಾಠ ಹೇಳುವ ಪ್ರಾಧ್ಯಾಪಕಿ ಫ್ರಾವ್ ಲಿಂಡ್ನರ್ ಒಂದು ದಿನ ಅವಳ ರಬ್ಬರನ್ನು ಎತ್ತಿ ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡು ಹೋದರು. ವಾಪಸು ಕೊಡಲೇ ಇಲ್ಲ.

ಅವಳು ಚೇತರಿಸಿಕೊಂಡದ್ದು ಕಲಾ ಇತಿಹಾಸದ ತರಗತಿಯಲ್ಲಿ. ಕತ್ತಲೆ ಕೋಣೆ, ಎರಡು ಪ್ರೊಜೆಕ್ಟರು, ಪಕ್ಕಪಕ್ಕದಲ್ಲಿ ಎರಡು ಚಿತ್ರ. ಆ ವಾರ ಸ್ನಾನ ಮಾಡುವ ಹೆಂಗಸರು. ಮುನ್ನೂರು ವರ್ಷದ ಸ್ನಾನಗಳು ಒಂದಾದ ಮೇಲೊಂದು ಹಾದುಹೋದವು. ಎಲ್ಲರೂ ಹರೆಯದವರು, ಎಲ್ಲರೂ ಯಾರೋ ನೋಡುತ್ತಿದ್ದಾರೆಂದು ಬಲ್ಲವರು. ಕೊನೆಗೆ ವಿಜಯಶ್ರೀ ಕೈ ಎತ್ತಿದಳು.

"ಇವರಿಗೆ ಕಾಲು ತೊಳೆಯುವ ದಾಸಿಯರಿದ್ದಾರೆ, ಕನ್ನಡಿ ಹಿಡಿಯುವವರಿದ್ದಾರೆ. ಮುದುಕಿಯರು ಸ್ನಾನ ಮಾಡುವುದಿಲ್ಲವೇ? ಅವರ ಬೆನ್ನು ತಿಕ್ಕುವ ಸೊಸೆ ಯಾಕಿಲ್ಲ?"

ತರಗತಿ ನಕ್ಕಿತು. ಪಾಠ ಮಾಡುತ್ತಿದ್ದವರು ನಗಲಿಲ್ಲ. "ಅದನ್ನೇ ನಿಮ್ಮ ಪ್ರಬಂಧ ಮಾಡಿ" ಎಂದರು.

ಮೇ ತಿಂಗಳಲ್ಲಿ ಅತ್ತೆ ಗೌರಕ್ಕ ಮೂರು ತಿಂಗಳ ವೀಸಾದ ಮೇಲೆ ಬಂದರು. ಬಾಯಿ ಜೋರಿನ, ನಗುಮುಖದ ವಿಧವೆ. ಸೋಮವಾರಕ್ಕೊಮ್ಮೆ ಎಣ್ಣೆ ಹಚ್ಚಿಸಿಕೊಂಡು ಎರೆದುಕೊಳ್ಳಬೇಕು. ಸ್ನಾನದ ತೊಟ್ಟಿಯೊಳಗೆ ಪ್ಲಾಸ್ಟಿಕ್ ಸ್ಟೂಲ್ ಇಟ್ಟು ಕೂಡಿಸಿ, ವಿಜಯಶ್ರೀ ಬೆನ್ನು ತಿಕ್ಕಬೇಕು. ಅಗಲವಾದ, ಮಡಿಕೆ ಬಿದ್ದ ಬೆನ್ನು, ಕೊರಳಿನಿಂದ ಇಳಿದ, ಲಿಂಗ ಕಟ್ಟಿದ ಶಿವದಾರ ಒದ್ದೆಯಾಗಿ ಅಂಟಿಕೊಂಡದ್ದು. ತರಗತಿಯಲ್ಲಿ ಯಾವ ಮೈಯ ಮುಂದೆಯೂ ಹೊಳೆಯದ್ದು ಅವಳಿಗೆ ಅಲ್ಲಿ ಹೊಳೆಯಿತು. ಆ ಬೆನ್ನನ್ನು ಅವಳ ಕೈ ಆಗಲೇ ಬಲ್ಲದು.

"ಅತ್ತ್ಯಾರ, ನಿಮ್ಮ ಬೆನ್ನಿನ ಚಿತ್ರ ತಗೀಲೇನ್ರಿ?"

"ಮುದಿಕಿ ಬೆನ್ನಾಗ ಏನೈತ್ಯವಾ? ಬೆನ್ನ ಹಿಂದ ಮಂದಿ ಆಡಿದ್ದ ಮಾತನೂ ತಗಿತಿಯೇನ ಮತ್ತ?"

"ಅದಕ್ಕ ಹಾಳಿ ಸಾಲೂದಿಲ್ರಿ."

ಗೌರಕ್ಕ ನಕ್ಕು ನೀರು ಚೆಲ್ಲಿದರು. ಆಮೇಲೆ ಎಷ್ಟೋ ಹಗಲು, ಶೈಲೇಶ ಆಫೀಸಿಗೆ ಹೋದ ಮೇಲೆ, ಸ್ನಾನವಿಲ್ಲದಿದ್ದರೂ ಸ್ಟೂಲಿನ ಮೇಲೆ ಕೂತರು. ಕೂತು ಊರ ಸುದ್ದಿ ಹೇಳಿದರು, ಸತ್ತ ಗಂಡನನ್ನು ಬೈದರು, ನಿದ್ದೆ ಹೋದರು. ವಿಜಯಶ್ರೀ ಆಳುದ್ದದ ಕಾಗದಗಳನ್ನು ಬಚ್ಚಲಿನ ಬಾಗಿಲಿಗೆ ಅಂಟಿಸಿ ಇದ್ದಿಲಿನಲ್ಲಿ ಬರೆದಳು. ಒಂದೊಂದರಲ್ಲಿಯೂ ಬೆನ್ನು, ಬೆನ್ನಿನ ಮೇಲೆ ತಿಕ್ಕುವ ತನ್ನದೇ ಕೈ. ಮುಗಿದಾಗ ತೋರಿಸಿದಳು. ಗೌರಕ್ಕ ಬಹಳ ಹೊತ್ತು ನೋಡಿದರು.

"ನನ್ನ ಬೆನ್ನ ನಾನ ನೋಡಿದ್ದಿಲ್ಲ ನೋಡು. ಇಷ್ಟ ಅಗಲ ಐತೇನ? ಎಮ್ಮಿ ಮಕ್ಕೊಂಡಂಗ ಐತಿ."

"ಸಾಲ್ಯಾಗ ಗ್ವಾಡಿಗೆ ಹಚ್ಚಬೇಕಾಗೇತ್ರಿ. ಮಂದಿ ಬಂದು ನೋಡ್ತಾರ. ನೀವು ಬ್ಯಾಡ ಅಂದ್ರ ಹಚ್ಚೂದಿಲ್ಲ."

"ಹಚ್ಚವಾ, ಹಚ್ಚು. ಈ ಊರಾಗ ನನ್ನ ಗುರ್ತಾ ಹಿಡಿಯಾವ್ರು ಯಾರದಾರ?"

ಫ್ರಾವ್ ಲಿಂಡ್ನರ್ ಆ ಚಿತ್ರಗಳ ಮುಂದೆ ನಿಂತು, ಬಂದು ನೋಡಿರೆಂದು ಪಕ್ಕದ ತರಗತಿಯ ಪ್ರಾಧ್ಯಾಪಕರನ್ನು ಕರೆದುಕೊಂಡು ಬಂದರು. ವಿಜಯಶ್ರೀಗೆ ಅಷ್ಟು ಸಾಕಾಯಿತು. ತಾನು ಉಳಿಯುತ್ತೇನೆಂದು ಅವಳು ನಂಬಿದ್ದು ಆ ದಿನ.

ಗುರುತು ಹಿಡಿಯುವವರನ್ನು ಕರೆದದ್ದು ಶೈಲೇಶನೇ. ಹಬ್ಬದ ಶನಿವಾರ ತನ್ನ ಆಫೀಸಿನ ಕನ್ನಡದವರನ್ನೆಲ್ಲ ರೈಲು ಹತ್ತಿಸಿ ಕರೆತಂದ. ಹೆಂಡತಿ ಹಂಪಿಯ ಕಲ್ಲಿನ ರಥವನ್ನೋ ಬಾದಾಮಿಯ ಗುಹೆಯನ್ನೋ ಬರೆದಿರುತ್ತಾಳೆಂದು ಅವನ ಲೆಕ್ಕ. ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಗುಂಪು ಗೋಡೆಯ ಮುಂದೆ ಬಂದು ನಿಂತಿತು. ಮೈಸೂರಿನ ರವಿಶಂಕರ ಶೈಲೇಶನ ಹೆಗಲ ಮೇಲೆ ಕೈಯಿಟ್ಟು, "ಏನ್ ಗುರು, ನಿಮ್ಮನೆಯವ್ರು ಭಾರಿ ಬೋಲ್ಡು. ಮಾಡೆಲ್ ಇಲ್ಲಿಯವರಾ, ಊರಿಂದ ತರಿಸಿದ್ದಾ?" ಎಂದ. ಯಾರೋ ಕಿಸಕ್ಕೆಂದರು. ಬೆನ್ನಿನ ಮೇಲಿನ ಶಿವದಾರ ಕಂಡ ಮೇಲೆ ಊರಿನದೆಂದು ಬೇರೆ ಹೇಳಬೇಕಿರಲಿಲ್ಲ. ಶೈಲೇಶನಿಗೆ ಯಾರ ಬೆನ್ನೆಂದೂ ಹೇಳಬೇಕಿರಲಿಲ್ಲ.

ಮನೆಗೆ ಬಂದವನು ನೇರ ಅಡುಗೆಮನೆಗೆ ಹೋದ. ಗೌರಕ್ಕ ಮೆಂತೆ ಸೊಪ್ಪು ಬಿಡಿಸುತ್ತ ಕೂತಿದ್ದರು.

"ಅವ್ವಾ, ಈಕಿ ನಿನ್ನ ಬರೇ ಮೈಲೆ ಕೂಡಿಸಿ ಚಿತ್ರ ತಗದಾಳ. ಕೊರಳಾಗಿನ ಶಿವದಾರ ಸೈತ ಬಿಟ್ಟಿಲ್ಲ. ನಾಕ ಮಂದಿ ಮುಂದ ನಿನ್ನ ಗ್ವಾಡಿಗೆ ತೂಗು ಹಾಕ್ಯಾಳ. ನಿನಗ ಗೊತ್ತಿತ್ತೇನ?"

ಗೌರಕ್ಕ ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಲಿಲ್ಲ.

"ನನಗೇನ ಗೊತ್ತಪಾ. ಜಳಕಾ ಮಾಡೂಮುಂದ ಅಕಿ ಕೈಯಾಗ ಹಾಳಿ ಇರ್ತಿತ್ತು. ಏನ ಗೀಚ್ತಿದ್ಲೋ ಏನೋ. ಬೆನ್ನಿಗೇನ ಕಣ್ಣ ಇರ್ತಾವೇನ?"

ವಿಜಯಶ್ರೀ ಬಾಗಿಲಲ್ಲಿ ನಿಂತು ಕಾದಳು. ಗೌರಕ್ಕ ಸೊಪ್ಪು ಬಿಡಿಸುತ್ತಲೇ ಇದ್ದರು. ವಾರದಲ್ಲಿ ಊರಿಗೆ ಹೊರಡುವ ಮುದುಕಿ. ಹೋಗಿ ಉಳಿಯಬೇಕಾದ್ದು ಮಗ ಕಟ್ಟಿಸಿದ ಮನೆಯಲ್ಲಿ, ಸುದ್ದಿ ತಿಳಿದರೆ ಆಡಿಕೊಂಡು ನಗುವ ನೆಗೆಣ್ಣಿಯರ ನಡುವೆ. ಇಷ್ಟನ್ನೂ ವಿಜಯಶ್ರೀ ಅಲ್ಲಿಯೇ ನಿಂತು ಅರ್ಥಮಾಡಿಕೊಂಡಳು. ಅರ್ಥವಾಗದಿದ್ದರೆ ಚೆನ್ನಾಗಿತ್ತು, ಜಗಳವಾಡಬಹುದಿತ್ತು. "ಅತ್ತ್ಯಾರ" ಎಂದಷ್ಟೇ ಅಂದಳು.

"ನಾಳೆ ಅವನ್ನ ಕಿತ್ತು ಬಾ," ಅಂದ ಶೈಲೇಶ. "ಹಳೇವು ಅದಾವಲ್ಲ, ಫ್ರೇಮ್ ಹಾಕಿಸಿದ್ದು. ಹಂಪಿದು. ಅವನ್ನ ಹಚ್ಚು. ನಾ ನಿನ್ನ ಓದು ಬಿಡು ಅನ್ನಾಕತ್ತಿಲ್ಲ."

ಹಾಗೆಂದೇ ಅವನು ಕೊನೆಯವರೆಗೂ ಹೇಳಿಕೊಂಡ: ನಾ ಎಂದೂ ಓದು ಬಿಡು ಅಂದಿಲ್ಲ.

ಭಾನುವಾರ ಅವಳೊಬ್ಬಳೇ ಹೋಗಿ ಚಿತ್ರಗಳನ್ನು ಇಳಿಸಿ, ಸುತ್ತಿ ಕಟ್ಟಿ ಮನೆಗೆ ತಂದಳು. ಹಂಪಿಯದನ್ನು ಒಯ್ಯಲಿಲ್ಲ. ಗೋಡೆಯ ಮೇಲೆ ಮೊಳೆಗಳು ಉಳಿದವು, ಕಾಗದಗಳ ಅಂಚಿಗೆ ಉದುರಿ ಕೂತ ಇದ್ದಿಲಿನ ಪುಡಿ ಉಳಿಯಿತು. ದೊಡ್ಡ ದೊಡ್ಡ ಬಿಳಿಯ ಚೌಕಗಳು, ಸುತ್ತ ಮಸುಕು ಕಪ್ಪು.

ಸೋಮವಾರ ಪ್ರಾಧ್ಯಾಪಕರು ಬಂದರು. ನಡೆದದ್ದನ್ನು ಅವಳು ಫ್ರಾವ್ ಲಿಂಡ್ನರ್‌ಗೆ ಬೆಳಿಗ್ಗೆಯೇ ಹೇಳಿದ್ದಳು. ಗುಂಪಿನಲ್ಲಿದ್ದ ಹಿರಿಯರೊಬ್ಬರು ಖಾಲಿ ಗೋಡೆಯ ಮುಂದೆ ನಿಂತರು. ಹಿಂದೆ ಸರಿದರು, ಕನ್ನಡಕ ಹಣೆಗೇರಿಸಿ ಹತ್ತಿರ ಹೋದರು, ಮೊಳೆಯೊಂದರ ನೆರಳನ್ನು ನೋಡಿದರು. ಬೇರೆ ಗೋಡೆಗಳ ಮುಂದೆ ನಿಂತದ್ದಕ್ಕಿಂತ ಹೆಚ್ಚು ಹೊತ್ತು ನಿಂತರು. ಆ ಕಾಲೇಜಿನಲ್ಲಿ ಖಾಲಿ ಗೋಡೆಯನ್ನೇ ಕೃತಿಯೆಂದು ತೋರಿಸಿ ಪಾಸಾದವರಿದ್ದರು.

"ತುಂಬ ಗಟ್ಟಿಯಾಗಿದೆ," ಎಂದರು ಅವರು. "ಇದೇ ನಿಮ್ಮ ಕೃತಿಯೇ?"

ಅವರ ಬೆನ್ನ ಹಿಂದಿನಿಂದ ಫ್ರಾವ್ ಲಿಂಡ್ನರ್ ವಿಜಯಶ್ರೀಯ ಕಣ್ಣನ್ನೇ ನೋಡುತ್ತ, ಕಂಡೂ ಕಾಣದ ಹಾಗೆ ತಲೆಯಾಡಿಸಿದರು. ಹೌದು ಅನ್ನು.

"ಅಲ್ಲ," ಎಂದಳು ವಿಜಯಶ್ರೀ. "ಇಲ್ಲಿ ಚಿತ್ರಗಳಿದ್ದವು. ನಾನೇ ತೆಗೆದೆ."

"ಯಾಕೆ?"

"ಮನೆಯಲ್ಲಿ ತೊಂದರೆಯಾಯಿತು."

ಹಿರಿಯರು ಕನ್ನಡಕ ಇಳಿಸಿಕೊಂಡರು. ಅವರ ಮುಖದಲ್ಲಿದ್ದ ಗೌರವ ಹೋಗಿ ಕನಿಕರ ಬಂತು. ಆಮೇಲೆ ಗುಂಪು ಪಕ್ಕದ ಗೋಡೆಗೆ ಸರಿಯಿತು. ಮಧ್ಯಾಹ್ನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಉಳಿದವರ ಹೆಸರುಗಳಿದ್ದವು.

"ಒಂದು ಮಾತು ಸಾಕಿತ್ತಲ್ಲ," ಎಂದರು ಫ್ರಾವ್ ಲಿಂಡ್ನರ್. ಅವರ ಕಣ್ಣು ಕೆಂಪಾಗಿತ್ತು. "ಒಂದೇ ಮಾತು."

"ಆ ಗೋಡೆಯನ್ನು ನಾನು ಬರೆದಿರಲಿಲ್ಲ," ಎಂದಳು ಅವಳು.

ಆ ವಾರ ಸುಳ್ಳು ಹೇಳಿದವರು ತಮ್ಮ ಮನೆಯಲ್ಲಿ ಉಳಿದರು. ನಿಜ ಹೇಳಿದವಳೊಬ್ಬಳು ಹೊರಗಾದಳು. ಇದರಿಂದ ಯಾವ ನೀತಿಯನ್ನೂ ಹೊರಡಿಸಲು ಬರುವುದಿಲ್ಲ. ಹೊರಡಿಸಲು ನೋಡಿದವರ ಮೇಲೆ ಅವಳಿಗೆ ಸಿಟ್ಟು ಬರುತ್ತಿತ್ತು.

ಗೌರಕ್ಕ ಊರಿಗೆ ಹೊರಡುವ ಹಿಂದಿನ ದಿನ ಶೈಲೇಶ ಆಫೀಸಿನಲ್ಲಿದ್ದ. ವಿಜಯಶ್ರೀ ಅತ್ತೆಯ ಪ್ರಯಾಣದ ಬುತ್ತಿಗೆ ಚಪಾತಿ ಲಟ್ಟಿಸುತ್ತಿದ್ದಳು. ಗೌರಕ್ಕ ಒಳಗೆ ಹೋಗಿ ಇಳಕಲ್ ಸೀರೆ ಉಟ್ಟು, ತಲೆ ಬಾಚಿ, ವಿಭೂತಿ ಹಚ್ಚಿಕೊಂಡು ಬಂದು ಅಡುಗೆಮನೆಯ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ವಿಜಿ, ನನ್ನ ಮಾರಿದೊಂದು ತಗಿಯವಾ. ಸೀರಿ ಉಟ್ಟದ್ದು. ಶೈಲೂಗ ನಾನ ಹೇಳತೇನಿ, ನಾನ ತಗಿ ಅಂದ್ನಿ ಅಂತ."

ವಿಜಯಶ್ರೀ ತಿರುಗಿ ನೋಡಿದಳು. ಚೆಂದದ ಮುಖ, ಕಿಟಕಿಯ ಬೆಳಕು ಒಂದು ಕೆನ್ನೆಯ ಮೇಲೆ.

"ಕೈ ಹಿಟ್ಟಾಗೇತ್ರಿ, ಅತ್ತ್ಯಾರ."

"ತೊಳಕೋ. ನಾ ಕುಂಡ್ರತೇನಿ."

"ಇನ್ನ ಭಾಳ ಅದಾವ್ರಿ."

ಗೌರಕ್ಕ ಸೆರಗು ಸರಿಮಾಡಿಕೊಂಡು ಹಾಗೆಯೇ ಕೂತರು. ಹಿಟ್ಟು ಮುಗಿಯಿತು. ವಿಜಯಶ್ರೀ ಇನ್ನಷ್ಟು ಹಿಟ್ಟು ಕಲಸಿದಳು.